ನನಗೆ ಇದು ಯಾಕೆ ಇಷ್ಟ?

"ಹೇಗಿದೆ, ಸ್ವಾಮಿ?"

ದ್ರಾಕ್ಷಿ ಚಪ್ಪರದ ಕೆಳಗೆ ನಿಂತಿದ್ದ ಆ ಹಿರಿಯರು ಒಂದು ಗೊಂಚಲು ಕಿತ್ತು ನನ್ನ ಕೈಗಿಟ್ಟು ಕೇಳಿದರು. ನಾನು ನಾಲ್ಕು ಹಣ್ಣು ಬಾಯಿಗೆ ಹಾಕಿಕೊಂಡು, "ತುಂಬಾ ಚೆನ್ನಾಗಿದೆ ಅಯ್ಯಾ" ಎಂದೆ.

"ಏನು ಚೆನ್ನಾಗಿದೆ?"

ನಾನು ತಬ್ಬಿಬ್ಬಾದೆ. ಸಿಹಿಯಾಗಿದೆ ಎಂದೆ. "ಸಕ್ಕರೆಯೂ ಸಿಹಿಯೇ" ಎಂದರು. ರಸ ತುಂಬಿದೆ ಎಂದೆ. "ಕಬ್ಬಿನಲ್ಲೂ ರಸ ಇದೆ" ಎಂದರು. ವಾರ ವಾರ ಪೀಠದ ಮುಂದೆ ನಿಂತು ಇಪ್ಪತ್ತು ನಿಮಿಷ ಪ್ರಬೋಧನೆ ಮಾಡುವ ನನಗೆ ಒಂದು ದ್ರಾಕ್ಷಿ ಹಣ್ಣಿನ ಬಗ್ಗೆ ಎರಡು ಮಾತು ಹೊಳೆಯಲಿಲ್ಲ. ಜೊತೆಗಿದ್ದ ನಮ್ಮ ಯುವಕ ಸಂಘದ ಇಬ್ಬರು ಹುಡುಗರು ಮುಖ ತಿರುಗಿಸಿಕೊಂಡು ನಗುತ್ತಿದ್ದರು.

ಇದು ನಡೆದದ್ದು ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ. ಗುರುಮಠದಲ್ಲಿ ನನ್ನ ಜೊತೆ ಓದಿದ ತಮಿಳು ಗುರುಗಳೊಬ್ಬರು ತಮ್ಮ ಊರಿನ ಹಬ್ಬಕ್ಕೆ ಕರೆದಿದ್ದರು. ಪಶ್ಚಿಮ ಘಟ್ಟಗಳ ಮಗ್ಗುಲಲ್ಲಿರುವ ಆ ಕಣಿವೆ ಹಸಿರಾಗಿರಲು ಮುಖ್ಯ ಕಾರಣ ಮುಲ್ಲಪೆರಿಯಾರ್ ಅಣೆಕಟ್ಟು. ಪಶ್ಚಿಮಕ್ಕೆ ಹರಿದು ಸಮುದ್ರ ಸೇರುತ್ತಿದ್ದ ಪೆರಿಯಾರ್ ನದಿಗೆ ಬ್ರಿಟಿಷ್ ಇಂಜಿನಿಯರ್ ಜಾನ್ ಪೆನ್ನಿಕ್ವಿಕ್ ಕಟ್ಟೆ ಕಟ್ಟಿ, ಬೆಟ್ಟ ಕೊರೆದು, 1895ರಲ್ಲಿ ಆ ನೀರನ್ನು ಈ ಕಡೆಗೆ ತಿರುಗಿಸಿದರು. ಇಂದಿಗೂ ಅಲ್ಲಿನ ಮನೆ, ಅಂಗಡಿಗಳ ಗೋಡೆಯ ಮೇಲೆ ಆತನ ಚಿತ್ರ ಕಾಣಸಿಗುತ್ತದೆ.

ಅದೇ ಕಣಿವೆಯ ಕಂಬಂ, ತೇನಿ, ಬೋಡಿನಾಯಕನೂರು ಕಡೆಗಳಲ್ಲಿ ಕನ್ನಡ ಮನೆಮಾತಿನ ಒಕ್ಕಲಿಗ ಕುಟುಂಬಗಳು ಎಷ್ಟೋ ತಲೆಮಾರುಗಳಿಂದ ನೆಲೆಸಿವೆ. ಅಲ್ಲಿ ಅವರನ್ನು ಕಾಪ್ಪಿಲಿಯರ್ ಎಂದೂ ಕರೆಯುತ್ತಾರೆ. ಓದು ಬರಹವೆಲ್ಲ ತಮಿಳು. ಮನೆಯೊಳಗಿನ ಮಾತು ತಮಿಳು ಬೆರೆತ ಕನ್ನಡ. ನನ್ನನ್ನು ಪ್ರಶ್ನೆ ಕೇಳಿದ ಹಿರಿಯರು ಅಂಥದೊಂದು ಮನೆಯವರು. ಅವರ ಮಾತನ್ನು ನಮ್ಮ ಕಡೆಯ ಕನ್ನಡಕ್ಕೆ ತಿರುಗಿಸಿ ಇಲ್ಲಿ ಬರೆದಿದ್ದೇನೆ.

ಮೂಗು ಬಿಟ್ಟ ಮೇಲೆ

ನನ್ನ ಪೇಚಾಟ ನೋಡಿ ಅವರೇ ಪಾಠ ಶುರು ಮಾಡಿದರು. "ಮೂಗು ಹಿಡಿದುಕೊಂಡು ಒಂದು ಹಣ್ಣು ಅಗಿಯಿರಿ" ಎಂದರು. ಅಗಿದೆ. ಸಿಹಿ, ಸ್ವಲ್ಪ ಹುಳಿ, ಅಷ್ಟೇ. "ಈಗ ಮೂಗು ಬಿಡಿ" ಎಂದರು. ಬಿಟ್ಟೊಡನೆ ಬಾಯಿಯೊಳಗೆಲ್ಲಾ ಗುಲಾಬಿ ಹೂವಿನ ಹಾಗೆ ಒಂದು ಪರಿಮಳ ಹರಡಿಕೊಂಡಿತು! "ಅದು ಚೆನ್ನಾಗಿರುವುದು. ಅದಕ್ಕೇ ಇದಕ್ಕೆ ಪನ್ನೀರ್ ದ್ರಾಕ್ಷಿ ಅಂತ ಹೆಸರು" ಎಂದರು.

ನೀವೂ ಮನೆಯಲ್ಲಿ ಇದನ್ನು ಮಾಡಿ ನೋಡಬಹುದು. ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ ಇಂಥ ಕೆಲವೇ ರುಚಿಗಳು. ಉಳಿದದ್ದೆಲ್ಲಾ ಬಾಯಿಯ ಹಿಂಭಾಗದಿಂದ ಮೂಗಿಗೇರುವ ಪರಿಮಳ. ನೆಗಡಿಯಾದಾಗ ಅಮ್ಮನ ಸಾರೂ ಸಪ್ಪೆಯೆನಿಸುವುದು ಇದಕ್ಕೇ.

ಈ ಪನ್ನೀರ್ ದ್ರಾಕ್ಷಿ ನಮಗೆ ಹೊಸದೇನಲ್ಲ. ಮಸ್ಕಟ್ ಹ್ಯಾಂಬರ್ಗ್ ಎಂಬ ಈ ತಳಿಯನ್ನು ಕರ್ನಾಟಕದಲ್ಲಿ ಗುಲಾಬಿ ದ್ರಾಕ್ಷಿ ಎನ್ನುತ್ತಾರೆ. ಅಲ್ಲಿ ಪನ್ನೀರು, ಇಲ್ಲಿ ಗುಲಾಬಿ. ಎರಡು ನಾಡಿನ ಜನರ ಮೂಗೂ ಒಂದೇ ಹೂವನ್ನು ಗುರುತಿಸಿದೆ. ಅದು ಬರೀ ಕಲ್ಪನೆಯಲ್ಲ. ಗುಲಾಬಿ ಹೂವಿನಲ್ಲಿರುವ ಜೆರಾನಿಯಾಲ್ ಎಂಬ ಪರಿಮಳ ದ್ರವ್ಯ ಈ ಹಣ್ಣಿನಲ್ಲೂ ಇದೆ. ಇದನ್ನು ಮೊದಲು ಆ ಕಡೆಗೆ ತಂದವರು ಒಬ್ಬ ಫ್ರೆಂಚ್ ಗುರು ಎಂದು ಅಲ್ಲಿಯವರು ಹೇಳುತ್ತಾರೆ. ಕಂಬಂ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು.

ನಾನು ಸುಮ್ಮನಿರಲಾರದೆ, "ಆದರೂ ಅಯ್ಯಾ, ನಮ್ಮ ಬೆಂಗಳೂರು ಕಡೆಯ ಕಪ್ಪು ದ್ರಾಕ್ಷಿಯೇ ನನಗೆ ಹೆಚ್ಚು ಇಷ್ಟ" ಎಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಅದೇ ಪ್ರಶ್ನೆ ಮತ್ತೆ ಕೇಳಿದರು: "ಯಾಕೆ?"

ಇಷ್ಟಕ್ಕೆ ಮೂರು ಬೇರು

ಆ ರಾತ್ರಿ ಮಲಗಿದಾಗ ಇದನ್ನೇ ಯೋಚಿಸಿದೆ. ಬೆಂಗಳೂರು ಬ್ಲೂ ಎಂಬ ಆ ದ್ರಾಕ್ಷಿಯನ್ನು ಹಿಂಡಿದರೆ ತಿರುಳು ಪುಳಕ್ಕನೆ ಸಿಪ್ಪೆಯಿಂದ ಹೊರಗೆ ಜಾರುತ್ತದೆ. ಸಿಪ್ಪೆ ಒಗರು, ತಿರುಳು ಹುಳಿ, ಘಾಟಾದ ಒಂದು ವಾಸನೆ. ಹಣ್ಣಿನ ಗುಣವನ್ನಷ್ಟೇ ನೋಡಿದರೆ ಪನ್ನೀರ್ ದ್ರಾಕ್ಷಿಗೇ ನಾನು ಹೆಚ್ಚು ಅಂಕ ಕೊಡಬೇಕಿತ್ತು. ಆದರೆ ನನ್ನ ಅಜ್ಜಿಯ ಊರು ದೊಡ್ಡಬಳ್ಳಾಪುರದ ಕಡೆ. ಬೇಸಿಗೆ ರಜೆಯಲ್ಲಿ ಅಜ್ಜಿ ಸೆರಗಿನಲ್ಲಿ ಕಟ್ಟಿಕೊಂಡು ತರುತ್ತಿದ್ದುದು ಆ ಹುಳಿ ದ್ರಾಕ್ಷಿ. ನನಗೆ ಇಷ್ಟವಾಗುತ್ತಿದ್ದುದರಲ್ಲಿ ಅರ್ಧ ಹಣ್ಣು, ಅರ್ಧ ಅಜ್ಜಿ!

ಹೀಗೆ ಯೋಚಿಸುತ್ತಾ ಹೋದರೆ ನಮ್ಮ ಇಷ್ಟಗಳಿಗೆಲ್ಲ ಸಾಮಾನ್ಯವಾಗಿ ಮೂರು ಬೇರುಗಳಿರುವುದು ಕಾಣುತ್ತದೆ. ಮೊದಲನೆಯದು, ಆ ವಸ್ತುವಿನಲ್ಲೇ ಇರುವ ಗುಣ. ಎರಡನೆಯದು, ನಮ್ಮ ನೆನಪು ಮತ್ತು ರೂಢಿ. ಮೂರನೆಯದು, ಬೇರೆಯವರ ಕಣ್ಣು, ಅಂದರೆ ಬೆಲೆ, ಹೆಸರು, ಜಾಹೀರಾತು, ನೆಂಟರಿಷ್ಟರು ಏನೆಂದಾರು ಎಂಬ ಅಂಜಿಕೆ.

ರೂಢಿಯ ಬೇರು ನಾವು ಎಣಿಸಿದ್ದಕ್ಕಿಂತ ಆಳವಾದದ್ದು. ಬಸುರಿಯಲ್ಲಿ ಅಥವಾ ಬಾಣಂತಿತನದಲ್ಲಿ ಕ್ಯಾರೆಟ್ ರಸ ಕುಡಿದ ತಾಯಂದಿರ ಮಕ್ಕಳು ಮುಂದೆ ಕ್ಯಾರೆಟ್ ರುಚಿಯ ಆಹಾರವನ್ನು ಹೆಚ್ಚು ಸಲೀಸಾಗಿ ಒಪ್ಪಿಕೊಂಡರೆಂದು ಅಮೆರಿಕದ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದರು. ಒಂದು ಸಂಗತಿ ಪದೇ ಪದೇ ಕಣ್ಣಿಗೆ ಬಿದ್ದರೆ ಸಾಕು, ಅದರ ಮೇಲೆ ಒಲವು ಬೆಳೆಯುತ್ತದೆ ಎಂದು ರಾಬರ್ಟ್ ಝಾಯೊಂಕ್ ಎಂಬ ಮನಶ್ಶಾಸ್ತ್ರಜ್ಞರು 1968ರಲ್ಲೇ ಪ್ರಯೋಗಗಳಿಂದ ಹೇಳಿದ್ದರು. ಟಿ.ವಿ.ಯಲ್ಲಿ ಒಂದೇ ಜಾಹೀರಾತನ್ನು ನೂರು ಸಲ ತೋರಿಸುವವರಿಗೆ ಈ ಗುಟ್ಟು ಚೆನ್ನಾಗಿ ಗೊತ್ತು.

ಈ ಮೂರರಲ್ಲಿ ಯಾವುದೂ ಪಾಪವಲ್ಲ. ಆದರೆ ಯಾವುದು ಯಾವುದೆಂದು ಗೊತ್ತಿಲ್ಲದಿದ್ದರೆ ಎಡವಟ್ಟಾಗುತ್ತದೆ. ಅಜ್ಜಿಯ ಮೇಲಿನ ಪ್ರೀತಿಯನ್ನು ಹಣ್ಣಿನ ಶ್ರೇಷ್ಠತೆ ಎಂದು ವಾದಿಸುತ್ತೇವೆ. ನೆರೆಮನೆಯವರ ಮೇಲಿನ ಪೈಪೋಟಿಯನ್ನು ನಮ್ಮ ಅಭಿರುಚಿ ಎಂದು ಕರೆದುಕೊಳ್ಳುತ್ತೇವೆ.

ಬಿರಿಯಾನಿಯೂ ಏಲಕ್ಕಿಯೂ

ಹೋಗುವಾಗ ದಿಂಡಿಗಲ್ಲಿನಲ್ಲಿ ಊಟಕ್ಕೆ ಇಳಿದಿದ್ದೆವು. ಆ ಊರಿನ ಬಿರಿಯಾನಿ ನಾಡಿಗೆಲ್ಲ ಪ್ರಸಿದ್ಧ. ಎಲೆಗೆ ಬಿದ್ದ ಅನ್ನವನ್ನು ನೋಡಿ ನಮ್ಮ ಹುಡುಗರಲ್ಲೊಬ್ಬ ಮುಖ ಸಿಂಡರಿಸಿದ. "ಫಾದರ್, ಇದು ಬಾಸುಮತಿ ಅಲ್ಲ! ಸಣ್ಣಕ್ಕಿ. ಇದೆಂಥ ಬಿರಿಯಾನಿ?" ಎಂದ.

ಅದು ಸೀರಗ ಸಾಂಬಾ. ಸೀರಗ ಎಂದರೆ ಜೀರಿಗೆ. ಜೀರಿಗೆಯಷ್ಟು ಸಣ್ಣ ಕಾಳಿನ ಅಕ್ಕಿ. ಉದ್ದುದ್ದ ಬಿಡಿಬಿಡಿಯಾಗಿ ನಿಲ್ಲುವುದು ಬಾಸುಮತಿಯ ಹೆಚ್ಚುಗಾರಿಕೆ. ಮಾಂಸದ ರಸವನ್ನೂ ಮಸಾಲೆಯನ್ನೂ ಹೀರಿಕೊಂಡು ಮೆತ್ತಗೆ ಒಂದಾಗುವುದು ಈ ಅಕ್ಕಿಯ ಹೆಚ್ಚುಗಾರಿಕೆ. ಬಡಿಸುತ್ತಿದ್ದವರು ಇದನ್ನು ನಗುತ್ತಾ ವಿವರಿಸಿದಾಗ ಹುಡುಗ ಎರಡನೆಯ ಸಲ ಹಾಕಿಸಿಕೊಂಡ. ಊಟವಾದ ಮೇಲೆ, "ನಾನು ಅಕ್ಕಿಯ ಉದ್ದ ನೋಡುತ್ತಿದ್ದೆ ಫಾದರ್, ಬಾಯಿಗೆ ಹಾಕಿಕೊಂಡೇ ಇರಲಿಲ್ಲ" ಎಂದು ಒಪ್ಪಿಕೊಂಡ. ಅವನಿಗೆ ಈಗಲೂ ಬಾಸುಮತಿಯೇ ಹೆಚ್ಚು ಇಷ್ಟ. ಆದರೆ ಯಾಕೆಂದು ಗೊತ್ತು. ಇನ್ನೊಂದನ್ನು ಹಳಿಯುವುದೂ ನಿಂತಿದೆ.

ಬೋಡಿನಾಯಕನೂರಿನಲ್ಲಿ ಇನ್ನೊಂದು ಪಾಠ ಸಿಕ್ಕಿತು. ಪಕ್ಕದ ಇಡುಕ್ಕಿ ಬೆಟ್ಟಗಳ ಏಲಕ್ಕಿ ಹರಾಜಾಗುವ ದೊಡ್ಡ ಮಾರುಕಟ್ಟೆ ಅದು. ಎಂಟು ಮಿಲಿಮೀಟರಿಗಿಂತ ದಪ್ಪಗೆ, ಗಿಳಿಹಸಿರಾಗಿ ಇರುವ ಕಾಯಿಗೆ ಬೆಲೆ ಹೆಚ್ಚು. ಅಲ್ಲಿನ ವ್ಯಾಪಾರಿಯೊಬ್ಬರು ಒಂದು ದಪ್ಪ ಕಾಯಿಯನ್ನೂ ಒಂದು ಸಣ್ಣ ಕಾಯಿಯನ್ನೂ ಸುಲಿದು ಅಂಗೈಯಲ್ಲಿಟ್ಟು ತೋರಿಸಿದರು. ಸಣ್ಣದರ ಒಳಗೆ ಕಪ್ಪಗೆ ಜಿಡ್ಡು ಜಿಡ್ಡಾದ ಬೀಜ. "ಕಣ್ಣಿಗೆ ಕೊಡುವ ದುಡ್ಡು ಬೇರೆ, ಪಾಯಸಕ್ಕೆ ಕೊಡುವ ದುಡ್ಡು ಬೇರೆ" ಎಂದರು. ಉಡುಗೊರೆ ಡಬ್ಬಿಗೆ ದಪ್ಪ ಕಾಯಿ ಇರಲಿ, ಮನೆಯ ಪಾಯಸಕ್ಕೆ ಒಳಗಿನ ಬೀಜ ನೋಡಿ ಎಂಬುದು ಅವರ ಬುದ್ಧಿಮಾತು.

ಬೆಲೆ ನಮ್ಮ ನಾಲಿಗೆಯನ್ನೂ ಮೋಸಗೊಳಿಸಬಲ್ಲದು. 2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಂಶೋಧನೆಯಲ್ಲಿ ಒಂದೇ ದ್ರಾಕ್ಷಾರಸವನ್ನು ಒಮ್ಮೆ 10 ಡಾಲರಿನದೆಂದೂ ಇನ್ನೊಮ್ಮೆ 90 ಡಾಲರಿನದೆಂದೂ ಹೇಳಿ ಕುಡಿಸಿದರು. ಹೆಚ್ಚು ಬೆಲೆ ಹೇಳಿದಾಗ ಹೆಚ್ಚು ರುಚಿ ಎಂದರು ಜನ. ಅವರು ಸುಳ್ಳು ಹೇಳುತ್ತಿರಲಿಲ್ಲ. ಸುಖವನ್ನು ಗುರುತಿಸುವ ಮಿದುಳಿನ ಭಾಗವೇ ಆಗ ಹೆಚ್ಚು ಚುರುಕಾಗಿತ್ತು! "ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎನ್ನುತ್ತದೆ ನಮ್ಮ ಗಾದೆ. ಊಟದಲ್ಲೂ ಪರರಿಚ್ಛೆ ನುಗ್ಗಿಬಿಡುತ್ತದೆ ಎಂಬುದೇ ತಮಾಷೆ.

ಪನ್ನೈಪುರದ ಹುಡುಗ

ಕಂಬಂ ಕಣಿವೆಯ ಮಾತು ಬಂದಾಗ ಒಬ್ಬರನ್ನು ನೆನೆಯದೆ ಇರಲಾಗದು. ಸಂಗೀತ ನಿರ್ದೇಶಕ ಇಳಯರಾಜ ಅವರು 1943ರಲ್ಲಿ ಹುಟ್ಟಿದ್ದು ಅಲ್ಲಿನ ಪನ್ನೈಪುರಂ ಎಂಬ ಹಳ್ಳಿಯಲ್ಲಿ. ಕನ್ನಡದ 'ಜನ್ಮ ಜನ್ಮದ ಅನುಬಂಧ', 'ಗೀತಾ', 'ಪಲ್ಲವಿ ಅನುಪಲ್ಲವಿ' ಚಿತ್ರಗಳ ಹಾಡುಗಳನ್ನು ಗುನುಗದ ಮನೆ ನಮ್ಮಲ್ಲಿ ಯಾವುದಿದೆ? ಆ ಹಾಡುಗಳನ್ನು ಕಟ್ಟಿದವರು ಅವರೇ.

ಅವರ ಬಾಲ್ಯದ ಸಂಗೀತವೆಂದರೆ ತಾಯಿಯ ಬಾಯಲ್ಲಿ ಕೇಳಿದ ಹಳ್ಳಿಯ ಪದಗಳು. ಹದಿಹರೆಯದಲ್ಲೇ ಅಣ್ಣ ಪಾವಲರ್ ವರದರಾಜನ್ ಅವರ ತಂಡದೊಡನೆ ಊರೂರು ತಿರುಗಿದರು. 1968ರಲ್ಲಿ ಮದರಾಸಿಗೆ ಹೋಗಿ ಧನರಾಜ್ ಮಾಸ್ಟರ್ ಅವರ ಬಳಿ ಪಾಶ್ಚಾತ್ಯ ಸಂಗೀತವನ್ನೂ ಸ್ವರಲಿಪಿಯನ್ನೂ ಕಲಿತರು. ಮುಂದೆ ಅವರು ಸಹಾಯಕರಾಗಿ ದುಡಿದದ್ದು ನಮ್ಮ ಕನ್ನಡದ ಹೆಸರಾಂತ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಬಳಿ. 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ' ಚಿತ್ರಗಳಿಗೆ ಸಂಗೀತ ಕೊಟ್ಟ ಅದೇ ವೆಂಕಟೇಶ್.

ಗಮನಿಸಿ. ಹಳ್ಳಿಯಿಂದ ಪಟ್ಟಣಕ್ಕೆ ಹೋದವರಿಗೆ ಹಳ್ಳಿಯ ಪದ ಎಂದರೆ ಸಂಕೋಚ. ಹೊಸದಾಗಿ ಕಲಿತ ದೊಡ್ಡ ವಿದ್ಯೆ ತಾಯಿಯ ಹಾಡನ್ನು ಮರೆಸಿಬಿಡುವುದೇ ಹೆಚ್ಚು. ಇಳಯರಾಜ ಅವರಲ್ಲಿ ಹಾಗಾಗಲಿಲ್ಲ. ಒಂದು ಧಾಟಿ ಎಲ್ಲಿ ಏರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಸ್ವರದಲ್ಲಿ ಮನಸ್ಸು ಕರಗುತ್ತದೆ ಎಂದು ಬಿಡಿಸಿ ನೋಡಲು ಕಲಿತ ವಿದ್ಯೆಯೇ ಅವರಿಗೆ ಕಣ್ಣಾಯಿತು. 1976ರಲ್ಲಿ 'ಅನ್ನಕ್ಕಿಳಿ' ಎಂಬ ಮೊದಲ ಚಿತ್ರದಲ್ಲೇ ಹಳ್ಳಿಯ ಧಾಟಿಗೆ ಪಾಶ್ಚಾತ್ಯ ವಾದ್ಯಮೇಳವನ್ನು ಜೊತೆಗೂಡಿಸಿದರು. 1986ರ 'ಹೌ ಟು ನೇಮ್ ಇಟ್' ಎಂಬ ವಾದ್ಯಸಂಗೀತವನ್ನು ತ್ಯಾಗರಾಜರಿಗೂ ಜರ್ಮನಿಯ ಬಾಖ್ ಅವರಿಗೂ ಒಟ್ಟಿಗೇ ಅರ್ಪಿಸಿದರು. 2025ರ ಮಾರ್ಚ್‌ನಲ್ಲಿ, ತಮ್ಮ 81ನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ತಮ್ಮ ಸಿಂಫನಿಯನ್ನು ಪ್ರದರ್ಶಿಸಿದರು.

ಪ್ರತಿಭೆ ದೇವರ ವರ, ಅದು ಎಲ್ಲರಿಗೂ ಅಷ್ಟೇ ಪ್ರಮಾಣದಲ್ಲಿ ಸಿಗುವುದಿಲ್ಲ. ಆದರೆ ತನಗೆ ಇಷ್ಟವಾದುದನ್ನು ಬಿಡಿಸಿ ನೋಡುವ ಕುತೂಹಲ ಎಲ್ಲರಿಗೂ ಸಾಧ್ಯ. ಯಾಕೆ ಇಷ್ಟ ಎಂದು ತಿಳಿದವನು ತನ್ನ ಇಷ್ಟವನ್ನು ಹೊಸ ಕಡೆಗೂ ಹೊತ್ತುಕೊಂಡು ಹೋಗಬಲ್ಲ. ತಿಳಿಯದವನು ಇದ್ದಲ್ಲೇ ಇರುತ್ತಾನೆ, ಇಲ್ಲವೇ ನಾಚಿಕೆಯಿಂದ ಇದ್ದದ್ದನ್ನೂ ಬಿಟ್ಟುಬಿಡುತ್ತಾನೆ.

ನಾನು ನಿಲ್ಲಿಸಿದ ಹಾಡು

ಪನ್ನೈಪುರದ ದಾರಿಯಲ್ಲಿ ಹಾಗೆ ಹೋಗುವಾಗ ನನ್ನ ಮನಸ್ಸಿನಲ್ಲಿ ಒಂದು ಮುಳ್ಳು ಚುಚ್ಚುತ್ತಿತ್ತು. ಅದನ್ನು ನಿಮಗೆ ಹೇಳಿಬಿಡುತ್ತೇನೆ.

ಗುರುದೀಕ್ಷೆ ಪಡೆದ ಹೊಸತರಲ್ಲಿ ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ಅಲ್ಲಿ ಒಬ್ಬ ಹಿರಿಯ ತಾಯಿ ಹಬ್ಬದ ತೇರಿನ ದಿನ ಮಾತೆ ಮರಿಯಮ್ಮನವರ ಮೇಲೆ ಒಂದು ಪದ ಹಾಡುತ್ತಿದ್ದರು. ರಾಗಿ ಬೀಸುವಾಗ ಹೆಂಗಸರು ಹಾಡುತ್ತಿದ್ದ ಧಾಟಿ ಅದು. ಅವರ ಅತ್ತೆಯಿಂದ ಬಂದದ್ದು, ಯಾವ ಪುಸ್ತಕದಲ್ಲೂ ಇರಲಿಲ್ಲ. ಗುರುಮಠದಲ್ಲಿ ನಾನು ಕೀಬೋರ್ಡ್ ಕಲಿತಿದ್ದೆ, ನಾಲ್ಕು ಧ್ವನಿಗಳ ಗಾಯನ ಕಲಿತಿದ್ದೆ. ಆ ವರ್ಷ ಬೇರೆ ಊರಿನ ಗುರುಗಳೆಲ್ಲ ಹಬ್ಬಕ್ಕೆ ಬರುವವರಿದ್ದರು. "ಅಮ್ಮಾ, ಈ ಸಲ ಆ ಪದ ಬೇಡ, ಅದು ಚೆನ್ನಾಗಿಲ್ಲ" ಎಂದೆ.

ಅವರು ಜಗಳವಾಡಲಿಲ್ಲ. ಒಂದೇ ಮಾತು ಕೇಳಿದರು: "ಏನು ಚೆನ್ನಾಗಿಲ್ಲ, ಸ್ವಾಮಿ?"

"ಹಳೇ ಕಾಲದ್ದು" ಎಂದೆ. ಅದು ಉತ್ತರವೇ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವರು ಸೆರಗು ಹೊದ್ದುಕೊಂಡು ಹೊರಟುಹೋದರು. ಮುಂದಿನ ವರ್ಷವೂ ಹಾಡಲಿಲ್ಲ, ಆಮೇಲೆಯೂ ಹಾಡಲಿಲ್ಲ. ನಾನು ವರ್ಗವಾಗಿ ಬೇರೆ ಕಡೆಗೆ ಹೋದೆ.

ದ್ರಾಕ್ಷಿ ತೋಟದ ಹಿರಿಯರು "ಏನು ಚೆನ್ನಾಗಿದೆ?" ಎಂದಾಗ ನಾನು ತಬ್ಬಿಬ್ಬಾದದ್ದು ಹಣ್ಣಿನ ಕಾರಣಕ್ಕಲ್ಲ. ಆ ತಾಯಿಯ ದನಿ ಕೇಳಿಸಿದಂತಾಗಿತ್ತು. ಚೆನ್ನಾಗಿದೆ ಎನ್ನಲೂ ನನ್ನಲ್ಲಿ ಕಾರಣವಿರಲಿಲ್ಲ, ಚೆನ್ನಾಗಿಲ್ಲ ಎನ್ನಲೂ ಇರಲಿಲ್ಲ.

ಈಗ ಮೂರು ಬೇರುಗಳನ್ನು ಹಿಡಿದು ನೋಡುತ್ತೇನೆ. ಆ ಹಾಡಿನ ಗುಣದಲ್ಲಿ ಕೊರತೆಯಿತ್ತೇ? ನಾನು ಅದನ್ನು ಸರಿಯಾಗಿ ಕೇಳಿಯೇ ಇರಲಿಲ್ಲ. ನನ್ನ ರೂಢಿಗೆ ಹೊರಗಾಗಿತ್ತೇ? ಇಲ್ಲ, ನನ್ನ ಅಜ್ಜಿಯೂ ಬೀಸುವಾಗ ಹಾಗೆಯೇ ಹಾಡುತ್ತಿದ್ದಳು. ಉಳಿದದ್ದು ಮೂರನೆಯದು. ಬಂದ ಗುರುಗಳು ನಮ್ಮನ್ನು ಹಳ್ಳಿಗರೆಂದುಕೊಂಡಾರು ಎಂಬ ನಾಚಿಕೆ. ಆ ನಾಚಿಕೆಗೆ ನಾನು ಅಭಿರುಚಿ ಎಂಬ ಹೆಸರಿಟ್ಟಿದ್ದೆ.

ಇನ್ನೂ ಒಂದು ಮಾತು. ಜನರ ಸ್ವಂತ ಸಂಗೀತ ಪರಂಪರೆಗೆ ಆರಾಧನೆಯಲ್ಲಿ ತಕ್ಕ ಗೌರವ ಸಲ್ಲಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿದೆ. ಈ ಬಗ್ಗೆ ಗುರುಮಠದ ಪರೀಕ್ಷೆಯಲ್ಲಿ ಬರೆದು ನಾನು ಒಳ್ಳೆಯ ಅಂಕವನ್ನೂ ಪಡೆದಿದ್ದೆ!

ಅವಸರದ ಕಾರಣಗಳು

ಹಾಗಾದರೆ ಎಲ್ಲದಕ್ಕೂ ಯಾಕೆ ಯಾಕೆ ಎಂದು ಕೇಳುತ್ತಲೇ ಇರಬೇಕೇ? ಇಲ್ಲೊಂದು ಎಚ್ಚರಿಕೆ ಬೇಕು. 1991ರಲ್ಲಿ ಅಮೆರಿಕದ ತಿಮೊಥಿ ವಿಲ್ಸನ್ ಮತ್ತು ಜೊನಾಥನ್ ಸ್ಕೂಲರ್ ಎಂಬ ಸಂಶೋಧಕರು ವಿದ್ಯಾರ್ಥಿಗಳಿಗೆ ಐದು ಬಗೆಯ ಸ್ಟ್ರಾಬೆರಿ ಜಾಮ್ ತಿನ್ನಿಸಿದರು. ಸುಮ್ಮನೆ ತಿಂದು ಅಂಕ ಕೊಟ್ಟವರ ತೀರ್ಪು ಪರಿಣತರ ತೀರ್ಪಿಗೆ ಹತ್ತಿರವಾಗಿತ್ತು. ಕಾರಣ ಬರೆಯಿರಿ ಎಂದಾಗ ತೀರ್ಪು ದಾರಿ ತಪ್ಪಿತು. 1993ರ ಇನ್ನೊಂದು ಅಧ್ಯಯನದಲ್ಲಿ, ಕಾರಣ ಬರೆದು ಗೋಡೆಗೆ ಚಿತ್ರ ಆರಿಸಿಕೊಂಡವರು ಕೆಲವು ವಾರಗಳ ನಂತರ ತಮ್ಮ ಆಯ್ಕೆಯಲ್ಲಿ ಕಡಿಮೆ ತೃಪ್ತರಾಗಿದ್ದರು.

ಯಾಕೆ ಹೀಗೆ? ಅವಸರದಲ್ಲಿ ಕೇಳಿದಾಗ ನಿಜವಾದ ಕಾರಣ ಬಾಯಿಗೆ ಬರುವುದಿಲ್ಲ, ಹೇಳಲು ಸುಲಭವಾದದ್ದು ಬರುತ್ತದೆ. "ಸಿಹಿಯಾಗಿದೆ", "ಹಳೇ ಕಾಲದ್ದು" ಎಂಬ ನನ್ನ ಉತ್ತರಗಳ ಹಾಗೆ. ಆಮೇಲೆ ಆ ಸುಲಭದ ಕಾರಣಕ್ಕೇ ನಾವು ಅಂಟಿಕೊಳ್ಳುತ್ತೇವೆ. ಆದ್ದರಿಂದ ಮೊದಲು ತಿನ್ನಬೇಕು, ಕೇಳಬೇಕು, ನೋಡಬೇಕು. ಕಾರಣವನ್ನು ಆಮೇಲೆ, ನಿಧಾನವಾಗಿ ಹುಡುಕಬೇಕು. ಆ ಹಿರಿಯರು ಮಾಡಿದ್ದೂ ಅದನ್ನೇ. ಉಪನ್ಯಾಸ ಕೊಡಲಿಲ್ಲ, ಇನ್ನೊಂದು ಹಣ್ಣು ಕೊಟ್ಟರು.

ಈ ನಿಧಾನಕ್ಕೆ ನಮಗೆಲ್ಲ ಗೊತ್ತಿರುವ ಒಬ್ಬ ಗುರುವಿದ್ದಾರೆ. 1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡಿನಿಂದ ಕಾಲು ಮುರಿದುಕೊಂಡ ಸಂತ ಇಗ್ನಾಸಿಯವರು ಲೊಯೋಲಾದ ಮನೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದರು. ಹೊತ್ತು ಕಳೆಯಲು ವೀರರ ರಮ್ಯ ಕಥೆಗಳನ್ನು ಕೇಳಿದರು, ಸಿಗಲಿಲ್ಲ. ಮನೆಯಲ್ಲಿದ್ದ ಕ್ರಿಸ್ತ ಚರಿತ್ರೆ ಮತ್ತು ಸಂತರ ಚರಿತ್ರೆ ಓದಿದರು. ಶೌರ್ಯ, ಕೀರ್ತಿಗಳ ಕನಸು ಕಾಣುವಾಗಲೂ ಅವರಿಗೆ ಸಂತೋಷವೇ ಆಗುತ್ತಿತ್ತು, ಸಂತರಂತೆ ಬಾಳುವ ಕನಸಿನಲ್ಲೂ ಸಂತೋಷವೇ. ವ್ಯತ್ಯಾಸ ಕಂಡದ್ದು ಆಮೇಲೆ. ಮೊದಲನೆಯದು ಮುಗಿದ ಬಳಿಕ ಮನಸ್ಸು ಒಣಗುತ್ತಿತ್ತು, ಎರಡನೆಯದು ಮುಗಿದ ಮೇಲೂ ನೆಮ್ಮದಿ ಉಳಿಯುತ್ತಿತ್ತು. ಈ ಒಂದು ಗಮನಿಕೆಯಿಂದ ಅವರ ಬಾಳೇ ತಿರುಗಿತು.

ಇಷ್ಟವನ್ನು ಅಳೆಯಲು ಇದಕ್ಕಿಂತ ಸರಳವಾದ ಅಳತೆಗೋಲು ನನಗೆ ಗೊತ್ತಿಲ್ಲ. ಬಾಯಲ್ಲಿದ್ದಾಗ ಎಲ್ಲವೂ ರುಚಿಯೇ. ಮುಗಿದ ಮೇಲೆ ಏನು ಉಳಿಯಿತು?

ಮನೆಯಲ್ಲಿ ಮಾಡಿ ನೋಡಿ

ಇವತ್ತು ಈ ಪ್ರಶ್ನೆ ಹಿಂದೆಂದಿಗಿಂತ ಹೆಚ್ಚು ಬೇಕಾಗಿದೆ. ಮೊಬೈಲಿನಲ್ಲಿ ಒಂದು ಹಾಡು ಕೇಳಿದರೆ ಅಂಥದೇ ಹತ್ತು ಹಾಡು ತಾವಾಗಿ ಬಂದು ನಿಲ್ಲುತ್ತವೆ. ಒಂದು ಸೀರೆ ನೋಡಿದರೆ ವಾರವಿಡೀ ಸೀರೆಗಳೇ. ನಾವು ಯಾವುದರ ಮೇಲೆ ಎಷ್ಟು ಹೊತ್ತು ಕಣ್ಣಿಟ್ಟೆವು ಎಂಬುದು ಆ ಯಂತ್ರಕ್ಕೆ ತಿಳಿಯುತ್ತದೆ. ಮುಗಿದ ಮೇಲೆ ನಮ್ಮ ಮನಸ್ಸು ಹೇಗಿತ್ತು ಎಂಬುದನ್ನು ನಾವೇ ನೋಡಿಕೊಳ್ಳಬೇಕು.

ಭಾನುವಾರದ ಊಟದ ಹೊತ್ತಿಗೆ ಒಂದು ಆಟ ಆಡಿ. ಮನೆಯವರೆಲ್ಲ ತಮಗೆ ಇಷ್ಟವಾದ ಒಂದೊಂದನ್ನು ಹೇಳಲಿ. ಹಾಡಾಗಲಿ, ತಿಂಡಿಯಾಗಲಿ, ಬಣ್ಣವಾಗಲಿ. "ಚೆನ್ನಾಗಿದೆ", "ಸೂಪರ್" ಎಂಬ ಎರಡು ಪದ ಮಾತ್ರ ಬಳಸಬಾರದು. ತಾತನಿಗೆ ಆ ಹಳೆಯ ಚಿತ್ರಗೀತೆ ಯಾಕೆ ಇಷ್ಟ ಎಂದು ಮೊಮ್ಮಗಳು ಕೇಳಲಿ. ಮೊಮ್ಮಗಳ ಗದ್ದಲದ ಹಾಡಿನಲ್ಲಿ ಯಾವ ಜಾಗ ಅವಳಿಗೆ ಹಿಡಿಸಿತು ಎಂದು ತಾತ ಕೇಳಲಿ. ಒಪ್ಪಬೇಕೆಂದೇನೂ ಇಲ್ಲ. ಕೇಳಿಸಿಕೊಂಡರೆ ಸಾಕು.

ಮನೆಗೆ ಬಣ್ಣ ಹೊಡೆಸುವಾಗ, ಮದುವೆಗೆ ಸೀರೆ ಕೊಳ್ಳುವಾಗ, ಇದನ್ನು ಯಾರೂ ನೋಡುವುದಿಲ್ಲ ಎಂದಿದ್ದರೂ ನಾನು ಇದನ್ನೇ ಆರಿಸುತ್ತಿದ್ದೆನೇ ಎಂದು ಒಮ್ಮೆ ಕೇಳಿಕೊಳ್ಳಿ. ಆದರೂ ಇದೇ ಬೇಕೆನಿಸಿದರೆ ಸಂತೋಷವಾಗಿ ಕೊಳ್ಳಿ. ಬೇಡವೆನಿಸಿದರೆ ಸಾಲವೂ ಉಳಿದೀತು.

ತಂದೆತಾಯಂದಿರಿಗೆ ವಿಶೇಷವಾಗಿ ಒಂದು ಮಾತು. ಮಗ ಅಥವಾ ಮಗಳು ಓದಲು ತಮಗೆ ಇಂಥದೇ ಬೇಕು ಎಂದಾಗ ನಾವೂ "ಯಾಕೆ?" ಎನ್ನುತ್ತೇವೆ. ಆದರೆ ಗದರಿಸುವ ಯಾಕೆ ಬೇರೆ, ಕೇಳಿಸಿಕೊಳ್ಳುವ ಯಾಕೆ ಬೇರೆ. ಗೆಳತಿ ಸೇರಿದಳೆಂದು ಇಷ್ಟವೋ, ಸಂಬಳ ಕೇಳಿ ಇಷ್ಟವೋ, ಆ ಕೆಲಸ ಮಾಡುತ್ತಾ ಹೊತ್ತು ಹೋದದ್ದೇ ತಿಳಿಯುವುದಿಲ್ಲವೆಂದು ಇಷ್ಟವೋ? ಈ ಮೂರನ್ನು ಬಿಡಿಸಿಕೊಳ್ಳಲು ಮಕ್ಕಳಿಗೆ ಸ್ವಲ್ಪ ಸಮಯ ಕೊಡ

ಿ. ಅದೇ ಪ್ರಶ್ನೆಯನ್ನು ನಮಗೂ ಕೇಳಿಕೊಳ್ಳೋಣ: ಮಗು ಡಾಕ್ಟರಾಗಬೇಕೆಂಬ ಆಸೆ ಮಗುವಿನದೋ, ನಮ್ಮದೋ, ನೆಂಟರದೋ?

ಎರಡು ನುಡಿ ಉಳಿದವು

ತೇನಿಯಿಂದ ಬಂದ ಮೇಲೆ ಒಂದು ದಿನ ಆ ಹಳೆಯ ಧರ್ಮಕೇಂದ್ರಕ್ಕೆ ಹೋದೆ. ಆ ತಾಯಿ ಇನ್ನೂ ಇದ್ದರು, ಹಾಸಿಗೆ ಹಿಡಿದಿದ್ದರು. ಕಣ್ಣು ಮಂಜಾಗಿತ್ತು, ನನ್ನ ಗುರುತು ಹತ್ತಲು ಹೊತ್ತಾಯಿತು. ಜೊತೆಗೆ ತಂದಿದ್ದ ದ್ರಾಕ್ಷಿಯನ್ನು ಸೊಸೆಯ ಕೈಗೆ ಕೊಟ್ಟು, ಹಾಸಿಗೆಯ ಪಕ್ಕ ಕುಳಿತು, "ಅಮ್ಮಾ, ಆವತ್ತು ನಾನು ತಪ್ಪು ಮಾಡಿದೆ. ಆ ಪದ ಒಂದು ಸಲ ಹಾಡುತ್ತೀರಾ?" ಎಂದು ಕೇಳಿದೆ.

ಅವರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಸಣ್ಣ ದನಿಯಲ್ಲಿ ಎತ್ತಿಕೊಂಡರು. ಒಂಬತ್ತು ನುಡಿಗಳಿದ್ದ ಪದವಂತೆ. ಎರಡು ನುಡಿ ಬಂದವು, ಮೂರನೆಯದರ ಮಧ್ಯೆ ನಿಂತುಹೋಯಿತು. "ಮರೆತುಹೋಯ್ತು ಸ್ವಾಮಿ, ಹಾಡಿದ್ದರೆ ತಾನೇ ನೆನಪಿರೋದು?" ಎಂದರು. ಅವರು ದೂರಲಿಲ್ಲ. ಇದ್ದದ್ದನ್ನು ಹೇಳಿದರು.

ಈ ಸಲ ನಾನು ಕಿವಿಗೊಟ್ಟು ಕೇಳಿದ್ದೆ. ಪ್ರತಿ ಸಾಲಿನ ಕೊನೆಯಲ್ಲಿ ಬೀಸುಕಲ್ಲು ಒಂದು ಸುತ್ತು ತಿರುಗುವಷ್ಟು ಹೊತ್ತು ದನಿ ಎಳೆದು ನಿಲ್ಲುತ್ತದೆ. ಆ ನಿಲುಗಡೆಯಲ್ಲಿ ತಾಯಿಯ ಹೆಸರು ಬರುತ್ತದೆ. ದಣಿದ ಹೆಂಗಸು ಉಸಿರು ತೆಗೆದುಕೊಳ್ಳುವ ಜಾಗದಲ್ಲೇ ಪ್ರಾರ್ಥನೆ. ಅದು ಚೆನ್ನಾಗಿರುವುದು. ಹದಿನೈದು ವರ್ಷ ತಡವಾಗಿ ನನಗೆ ಉತ್ತರ ಸಿಕ್ಕಿತು.

ಸೊಸೆ ಆ ಎರಡು ನುಡಿಗಳನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡರು. ಆ ಊರಿನ ಗಾಯನವೃಂದದ ಮಕ್ಕಳು ಈಗ ತೇರಿನ ದಿನ ಅದನ್ನು ಹಾಡುತ್ತಾರೆ. ಉಳಿದ ಏಳು ನುಡಿಗಳು ಸಿಗಲಿಲ್ಲ.

ನಿಮ್ಮ ಮನೆಯಲ್ಲೂ ಅಂಥ ಹಾಡು, ಅಂಥ ಅಡುಗೆ, ಅಂಥದೊಂದು ಕೈಕಸುಬು ಇರಬಹುದು. ಬೇಡವೆಂದು ತೆಗೆದಿಡುವ ಮೊದಲು ಒಮ್ಮೆ ಸರಿಯಾಗಿ ರುಚಿ ನೋಡಿ. ಬೇಕೆಂದು ಓಡುವ ಮೊದಲೂ ನೋಡಿ. ಯಾರಾದರೂ "ಏನು ಚೆನ್ನಾಗಿದೆ?" ಎಂದು ಕೇಳಿದರೆ ಒಂದು ಮಾತು ಹೇಳಲು ಬರುವಂತಿರಲಿ.